ರಿಸ್ಟೋರ್ ಕಡೆಯಿಂದ ಬ್ಯಾಕಪ್ ಆರಿಸಿದ್ದು: ನನ್ನ ಅನುಭವ

ನಮ್ಮ ಕಂಪನಿ ಇರುವುದು ರಾಜಾಜಿನಗರದಲ್ಲಿ. ಹೋಲ್‌ಸೇಲ್ ವ್ಯಾಪಾರಿಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಕೊಡುತ್ತೇವೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳು, ಪೀಣ್ಯದ ಬಿಡಿಭಾಗದ ಡೀಲರ್‌ಗಳು, ಔಷಧಿ ಸ್ಟಾಕಿಸ್ಟ್‌ಗಳು ನಮ್ಮ ಗಿರಾಕಿಗಳು. ಎಲ್ಲರ ಲೆಕ್ಕವೂ ಒಂದು ಪೋಸ್ಟ್‌ಗ್ರೆಸ್ (ಡೇಟಾಬೇಸ್ ಸಾಫ್ಟ್‌ವೇರ್) ಸರ್ವರ್‌ನಲ್ಲಿದೆ, ಒಬ್ಬೊಬ್ಬರಿಗೆ ಒಂದೊಂದು ಸ್ಕೀಮಾ, ಅಂದರೆ ಅವರವರ ಟೇಬಲ್‌ಗಳಿಗೆ ಬೇರೆ ಬೇರೆ ವಿಭಾಗ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾನು ಸೇರಿದಾಗ ಪ್ರತಿ ರಾತ್ರಿ ಪಿಜಿ ಡಂಪ್, ಅಂದರೆ ಡೇಟಾವನ್ನು ಒಂದು ಫೈಲಿಗೆ ಬರೆದಿಡುವ ಪೋಸ್ಟ್‌ಗ್ರೆಸ್‌ನ ಟೂಲ್, ಓಡುತ್ತಿತ್ತು. ಡೇಟಾ ಕಡಿಮೆ ಇದ್ದಾಗ ಅಷ್ಟೇ ಸಾಕಾಗಿತ್ತು. 500 ಜಿಬಿ ದಾಟಿದ ಮೇಲೆ, ನಮಗೆ ಯಾವ ಬಗೆಯ ಬ್ಯಾಕಪ್ ಬೇಕು ಅಂತ ಮೊದಲಿಂದ ಯೋಚಿಸಬೇಕಾಯಿತು.

ಸಲಹೆಗಳು ಬೇಕಾದಷ್ಟು ಬಂದವು. ಒಬ್ಬರು ಸ್ನ್ಯಾಪ್‌ಶಾಟ್ (ಆ ಕ್ಷಣದಲ್ಲಿ ಡಿಸ್ಕ್ ಇದ್ದ ಸ್ಥಿತಿಯ ಪ್ರತಿ) ಸಾಕು ಅಂದರು. ಇನ್ನೊಬ್ಬರು ರೆಪ್ಲಿಕಾ (ಮುಖ್ಯ ಸರ್ವರ್‌ನ ಬದಲಾವಣೆಗಳನ್ನು ಆಗಿಂದಾಗಲೇ ನಕಲು ಮಾಡುವ ಇನ್ನೊಂದು ಸರ್ವರ್) ಇದೆಯಲ್ಲ, ಮತ್ತೇನು ಬೇಕು ಅಂದರು. ನಾನು ಟೂಲ್‌ಗಳ ವಿಚಾರ ಪಕ್ಕಕ್ಕಿಟ್ಟು, ಮೊದಲು ಗಿರಾಕಿಗಳ ಹತ್ತಿರ ಹೋದೆ. ಎರಡೇ ಪ್ರಶ್ನೆ. ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ತಡೆದುಕೊಳ್ಳುತ್ತೀರಿ? ಸಿಸ್ಟಂ ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳುತ್ತೀರಿ? ನಮ್ಮ ಕಸುಬಿನಲ್ಲಿ ಇವಕ್ಕೆ ಆರ್‌ಪಿಒ, ಆರ್‌ಟಿಒ ಅನ್ನುತ್ತೇವೆ. ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಆರ್‌ಟಿಒ ಅಂದರೆ ಗಾಡಿ ಆಫೀಸು ಅಂದುಕೊಳ್ಳುತ್ತಾರೆ. ಹಾಗಾಗಿ ನೇರವಾಗಿಯೇ ಕೇಳಿದೆ.

ಒಬ್ಬ ಔಷಧಿ ಸ್ಟಾಕಿಸ್ಟ್ ಬಳಿ ಲೆಕ್ಕ ನೋಡುವ ಮೇಡಂಗೆ, “ಮಧ್ಯಾಹ್ನ 3 ಗಂಟೆಗೆ ಸರ್ವರ್ ಹೋಯಿತು ಅಂದುಕೊಳ್ಳಿ ಮೇಡಂ. ನಿನ್ನೆ ರಾತ್ರಿವರೆಗಿನ ಲೆಕ್ಕ ವಾಪಸ್ ಕೊಟ್ಟರೆ ನಡೆಯುತ್ತಾ?” ಅಂದೆ.

“ಹೇಗೆ ನಡೆಯುತ್ತೆ ಸರ್? ಬೆಳಗ್ಗೆಯಿಂದ ಹಾಕಿದ ಬಿಲ್ಲಿನ ಮಾಲು ಮೆಡಿಕಲ್ ಸ್ಟೋರ್‌ಗೆ ಹೋಗಿಬಿಟ್ಟಿರುತ್ತೆ. ಅದೇ ಬಿಲ್ ನಂಬರ್ ನಾಳೆ ಇನ್ನೊಬ್ಬರಿಗೆ ಬಿದ್ದರೆ ಜಿಎಸ್‌ಟಿಯಲ್ಲಿ ಯಾರು ಉತ್ತರ ಕೊಡೋದು?”

ಅವರ ಮಾತು ನನಗೆ ದಾರಿ ತೋರಿಸಿತು. ಜಿಎಸ್‌ಟಿ ನಿಯಮದ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಒಂದು ಬಿಲ್ ನಂಬರ್ ಒಂದೇ ಸಲ ಬರಬೇಕು. 2023ರ ಆಗಸ್ಟ್ 1ರಿಂದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ ಕೂಡ ಬಂತು. ಬಿಲ್ ಹಾಕಿದ ಕೂಡಲೇ ಅದು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ನಮ್ಮ ಡೇಟಾಬೇಸ್ ಹಿಂದಿನ ರಾತ್ರಿಗೆ ಹೋದರೂ ಪೋರ್ಟಲ್ ಹಿಂದಕ್ಕೆ ಹೋಗುವುದಿಲ್ಲ. ಅದೇ ನಂಬರ್ ಮತ್ತೆ ಕಳಿಸಿದರೆ, ಈಗಾಗಲೇ ಇದೆ ಅಂತ ತಳ್ಳಿಬಿಡುತ್ತದೆ. ಹೊರಗಿನ ಲೋಕ ಮುಂದೆ ಹೋಗಿರುತ್ತದೆ, ನಮ್ಮ ಲೆಕ್ಕ ಮಾತ್ರ ಹಿಂದೆ ಉಳಿದಿರುತ್ತದೆ. ನನ್ನ ಪ್ರಕಾರ ಬಿಲ್ಲಿಂಗ್ ಡೇಟಾಬೇಸ್‌ನಲ್ಲಿ ಇದಕ್ಕಿಂತ ದೊಡ್ಡ ತಲೆನೋವು ಇಲ್ಲ.

ನಿಲ್ಲುವ ಹೊತ್ತಿನ ವಿಚಾರಕ್ಕೆ ಬಂದರೆ ಜನ ಅಷ್ಟು ಗಡಿಬಿಡಿ ಮಾಡಲಿಲ್ಲ. ಎರಡು ಗಂಟೆಯಾದರೆ ಕೈಬಿಲ್ ಬರೆದು ಸುಧಾರಿಸುತ್ತೇವೆ, ಬರಬೇಕಾದ ಬಾಕಿ ಹಣದ ಲೆಕ್ಕ ಮಾತ್ರ ಹೋಗಬಾರದು ಅಂತ ಚಿಕ್ಕಪೇಟೆಯವರು ಹೇಳಿದರು. ಹಾಗಾಗಿ ನಮಗೆ ಸಿಕ್ಕ ಉತ್ತರ ಇದು: ಒಂದೆರಡು ನಿಮಿಷಕ್ಕಿಂತ ಜಾಸ್ತಿ ಲೆಕ್ಕ ಹೋಗಬಾರದು, ಎರಡು ಗಂಟೆಯೊಳಗೆ ಸಿಸ್ಟಂ ಎದ್ದೇಳಬೇಕು.

ಈ ಅಳತೆ ಕೈಯಲ್ಲಿ ಹಿಡಿದು ನೋಡಿದರೆ ಬರೀ ರಾತ್ರಿಯ ಡಂಪ್ ಎರಡು ಕಡೆಯೂ ಸಾಲುವುದಿಲ್ಲ. ಡಂಪ್ ಅಂದರೆ ಲಾಜಿಕಲ್ ಬ್ಯಾಕಪ್. ಟೇಬಲ್ ಹೇಗೆ ಕಟ್ಟಬೇಕು, ಅದರಲ್ಲಿ ಯಾವ ಸಾಲು ತುಂಬಬೇಕು ಅನ್ನುವುದೆಲ್ಲ ಅದರಲ್ಲಿರುತ್ತದೆ. ಇಂಡೆಕ್ಸ್‌ನ (ಸಾಲುಗಳನ್ನು ಬೇಗ ಹುಡುಕಲು ಇರುವ ಸೂಚಿ) ವಿವರಣೆ ಮಾತ್ರ ಇರುತ್ತದೆ, ಇಂಡೆಕ್ಸ್ ಇರುವುದಿಲ್ಲ. ರಿಸ್ಟೋರ್ ಮಾಡುವಾಗ, ಅಂದರೆ ಬ್ಯಾಕಪ್‌ನಿಂದ ಡೇಟಾ ವಾಪಸ್ ತರುವಾಗ, ಪ್ರತಿ ಇಂಡೆಕ್ಸ್ ಹೊಸದಾಗಿ ಕಟ್ಟಬೇಕು, ಫಾರಿನ್ ಕೀಗಳನ್ನು (ಒಂದು ಟೇಬಲ್ಲಿಗೂ ಇನ್ನೊಂದಕ್ಕೂ ಇರುವ ಕೊಂಡಿ) ಮತ್ತೆ ಪರೀಕ್ಷೆ ಮಾಡಬೇಕು. ಬೇರೆ ಮೆಷಿನ್‌ನಲ್ಲಿ, ಒಟ್ಟೊಟ್ಟಿಗೆ ಹಲವು ಜಾಬ್ ಕೊಟ್ಟು ಓಡಿಸಿದರೂ ನಮ್ಮ ಡೇಟಾಗೆ ಅರ್ಧ ದಿನಕ್ಕಿಂತ ಜಾಸ್ತಿ ಹಿಡಿಯಿತು.

ಇನ್ನೊಂದು ದಾರಿ ಫಿಸಿಕಲ್ ಬ್ಯಾಕಪ್. ಇದರಲ್ಲಿ ಡೇಟಾಬೇಸ್‌ನ ಫೈಲುಗಳನ್ನೇ ಇದ್ದ ಹಾಗೆ ನಕಲು ಮಾಡುತ್ತೇವೆ. ಇಂಡೆಕ್ಸ್ ಕೂಡ ಜೊತೆಗೇ ಬರುತ್ತದೆ. ಮತ್ತೆ ಕಟ್ಟುವ ಕೆಲಸ ಇಲ್ಲ, ಫೈಲ್ ವಾಪಸ್ ತರುವಷ್ಟೇ ಹೊತ್ತು. ಅದೇ ಮೆಷಿನ್‌ನಲ್ಲಿ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯಿತು. ಆದರೆ ಇದಕ್ಕೂ ಕಟ್ಟುಪಾಡುಗಳಿವೆ. ಪೋಸ್ಟ್‌ಗ್ರೆಸ್‌ನ ಅದೇ ಮೇಜರ್ ವರ್ಷನ್ ಬೇಕು. ಒಂದು ಟೇಬಲ್ಲೋ ಒಬ್ಬ ಗಿರಾಕಿಯ ಸ್ಕೀಮಾವೋ ಮಾತ್ರ ಬೇಕು ಅಂದರೆ ಸಿಗುವುದಿಲ್ಲ, ತಂದರೆ ಇಡೀ ಸರ್ವರ್ ತರಬೇಕು.

ಒಂದೆರಡು ನಿಮಿಷದ ಅಳತೆ ಮುಟ್ಟಲು ಇದೂ ಸಾಲದು. ಅದಕ್ಕೆ ವಾಲ್ ಬೇಕು. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಅನ್ನುವ ಲಾಗ್‌ನಲ್ಲಿ ಬರೆಯುತ್ತದೆ, ಆಮೇಲೆ ಟೇಬಲ್ ಫೈಲ್‌ಗೆ ಮುಟ್ಟಿಸುತ್ತದೆ. ಅಂಗಡಿಯಲ್ಲಿ ಮೊದಲು ದಿನಚರಿ ಪುಸ್ತಕದಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಾರಲ್ಲ, ಹಾಗೆ. ಒಂದೊಂದು ವಾಲ್ ಫೈಲ್ ಸಾಮಾನ್ಯವಾಗಿ 16 ಎಂಬಿ. ಫೈಲ್ ತುಂಬಿದ ಹಾಗೆ ಬೇರೆ ಜಾಗಕ್ಕೆ ಕಳಿಸುತ್ತಿದ್ದರೆ (ಇದಕ್ಕೆ ಆರ್ಕೈವ್ ಅನ್ನುತ್ತೇವೆ), ಭಾನುವಾರದ ಫಿಸಿಕಲ್ ಬ್ಯಾಕಪ್ ಮೇಲೆ ಈ ಲಾಗ್ ಓಡಿಸಿ ನಮಗೆ ಬೇಕಾದ ಕ್ಷಣಕ್ಕೆ ಬಂದು ನಿಲ್ಲಬಹುದು. 2 ಗಂಟೆ 47 ನಿಮಿಷಕ್ಕೆ ಯಾರೋ ಟೇಬಲ್ ಅಳಿಸಿದರು ಅಂದರೆ 2 ಗಂಟೆ 46ಕ್ಕೆ ನಿಲ್ಲಿಸು ಅಂತ ಹೇಳಬಹುದು. ಇದೇ ಪಾಯಿಂಟ್ ಇನ್ ಟೈಮ್ ರಿಕವರಿ.

ಎರಡು ಚಿಕ್ಕ ವಿಷಯಗಳನ್ನು ಇಲ್ಲಿ ಒತ್ತಿ ಹೇಳುತ್ತೇನೆ. ವ್ಯಾಪಾರ ಕಡಿಮೆ ಇರುವ ಹೊತ್ತಿನಲ್ಲಿ 16 ಎಂಬಿ ತುಂಬಲು ತುಂಬಾ ಹೊತ್ತು ಬೇಕು, ಅಲ್ಲಿವರೆಗೂ ಆ ಫೈಲ್ ಮೂಲ ಸರ್ವರ್‌ನಲ್ಲೇ ಕೂತಿರುತ್ತದೆ. ಅದಕ್ಕೆ, ಫೈಲ್ ತುಂಬದಿದ್ದರೂ ಇಷ್ಟು ಹೊತ್ತಿಗೆ ಕಳಿಸು ಅನ್ನುವ ಆರ್ಕೈವ್ ಟೈಮ್‌ಔಟ್ ಅನ್ನು 60 ಸೆಕೆಂಡಿಗೆ ಇಟ್ಟೆವು. ಎರಡನೆಯದು, ಆರ್ಕೈವ್ ಕಳಿಸುವುದು ನಿಂತುಹೋದರೆ ಪೋಸ್ಟ್‌ಗ್ರೆಸ್ ಆ ವಾಲ್ ಫೈಲುಗಳನ್ನು ಅಳಿಸದೆ ಕೂಡಿಡುತ್ತಾ ಹೋಗುತ್ತದೆ. ಡಿಸ್ಕ್ ತುಂಬಿದ ದಿನ ಸರ್ವರ್ರೇ ನಿಲ್ಲುತ್ತದೆ. ಹಾಗಾಗಿ ಕಳಿಸಲು ಆಗದ ಫೈಲುಗಳ ಲೆಕ್ಕ ತೋರಿಸುವ ಪಿಜಿ ಸ್ಟ್ಯಾಟ್ ಆರ್ಕೈವರ್ ಅನ್ನುವ ಪೋಸ್ಟ್‌ಗ್ರೆಸ್‌ನ ಪಟ್ಟಿಗೆ ಅಲಾರಂ ಕಟ್ಟಿದ್ದೇವೆ. ಅದು ಫೋನಿಗೇ ಬರುತ್ತದೆ.

ಆಮೇಲೆ ಫುಲ್, ಡಿಫರೆನ್ಷಿಯಲ್, ಇನ್‌ಕ್ರಿಮೆಂಟಲ್ ಪ್ರಶ್ನೆ. ನಾವು ಪಿಜಿಬ್ಯಾಕ್‌ರೆಸ್ಟ್ ಅನ್ನುವ ಬ್ಯಾಕಪ್ ಟೂಲ್ ಬಳಸುತ್ತೇವೆ, ಅದರಲ್ಲಿ ಮೂರೂ ಇವೆ. ಫುಲ್ ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಡಿಫರೆನ್ಷಿಯಲ್ ಕಳೆದ ಫುಲ್ ಆದಮೇಲೆ ಬದಲಾದದ್ದನ್ನೆಲ್ಲ ತೆಗೆದುಕೊಳ್ಳುತ್ತದೆ. ಇನ್‌ಕ್ರಿಮೆಂಟಲ್ ಕಳೆದ ಬ್ಯಾಕಪ್ ಯಾವುದೇ ಇರಲಿ, ಅದರ ನಂತರದ್ದು ಮಾತ್ರ. ಇನ್‌ಕ್ರಿಮೆಂಟಲ್‌ಗೆ ಜಾಗ ಕಡಿಮೆ ಸಾಕು, ನಿಜ. ಆದರೆ ಶನಿವಾರ ರಿಸ್ಟೋರ್ ಮಾಡಬೇಕಾದರೆ ಭಾನುವಾರದ ಫುಲ್ಲಿನಿಂದ ಹಿಡಿದು ನಡುವಿನ ಎಲ್ಲ ರಾತ್ರಿಗಳೂ ಸರಿಯಾಗಿರಬೇಕು. ಒಂದು ಕೊಂಡಿ ಕೆಟ್ಟರೆ ಮುಂದಿನವೆಲ್ಲ ಕೆಡುತ್ತವೆ. ಡಿಫರೆನ್ಷಿಯಲ್ ಆದರೆ ಎರಡೇ ಸರಿ ಇದ್ದರೆ ಸಾಕು. ನಮ್ಮಲ್ಲಿ ಬದಲಾಗುವುದು ಹೆಚ್ಚಾಗಿ ಈ ತಿಂಗಳ ಬಿಲ್ ಟೇಬಲ್‌ಗಳು. ಹಳೇ ತಿಂಗಳುಗಳದ್ದು ಸುಮ್ನೆ ಇರುತ್ತವೆ. ಹಾಗಾಗಿ ವಾರದ ಕೊನೆಯಲ್ಲೂ ಡಿಫರೆನ್ಷಿಯಲ್ ತುಂಬಾ ಊದಿಕೊಳ್ಳಲಿಲ್ಲ. ಭಾನುವಾರ ರಾತ್ರಿ ಫುಲ್, ಉಳಿದ ರಾತ್ರಿ ಡಿಫರೆನ್ಷಿಯಲ್ ಅಂತ ತೀರ್ಮಾನಿಸಿದೆವು. ಡಿಸ್ಕಿಗೆ ಸ್ವಲ್ಪ ಜಾಸ್ತಿ ದುಡ್ಡು ಹೋಗುತ್ತದೆ. ಕಷ್ಟದ ಹೊತ್ತಿನಲ್ಲಿ ಕೆಲಸ ಸರಳವಾಗಿರಲಿ ಅಂತ ಅದನ್ನು ಒಪ್ಪಿಕೊಂಡೆವು. ನಿಮ್ಮ ಟೇಬಲ್‌ಗಳು ಎಲ್ಲ ಕಡೆ ಬದಲಾಗುವಂಥವಾದರೆ ಲೆಕ್ಕ ಬೇರೆಯಾಗಬಹುದು. ಪೋಸ್ಟ್‌ಗ್ರೆಸ್ ದೊಡ್ಡ ಟೇಬಲ್ಲನ್ನು 1 ಜಿಬಿಯ ಫೈಲುಗಳಾಗಿ ಒಡೆದಿಡುತ್ತದೆ. ಫೈಲ್ ಮಟ್ಟದಲ್ಲಿ ನೋಡುವ ಬ್ಯಾಕಪ್‌ನಲ್ಲಿ ಒಂದು ಸಾಲು ಬದಲಾದರೂ ಇಡೀ 1 ಜಿಬಿ ಎದ್ದು ಬರುತ್ತದೆ. 2024ರಲ್ಲಿ ಬಂದ ಪೋಸ್ಟ್‌ಗ್ರೆಸ್ 17ರಲ್ಲಿ ಬದಲಾದ ಬ್ಲಾಕ್ (ಫೈಲಿನೊಳಗಿನ ಸಣ್ಣ ತುಂಡು) ಮಾತ್ರ ತೆಗೆಯುವ ಇನ್‌ಕ್ರಿಮೆಂಟಲ್ ಒಳಗೇ ಇದೆ.

ರೆಪ್ಲಿಕಾ ನಮ್ಮಲ್ಲೂ ಇದೆ. ಅದು ಯಂತ್ರ ಕೆಟ್ಟಾಗ ಬೇಕು. ಯಾವ ಸಾಲು ಅಂತ ಷರತ್ತು ಹಾಕದೆ ಯಾರಾದರೂ ಡಿಲೀಟ್ ಓಡಿಸಿದರೆ ಮರುಕ್ಷಣವೇ ಅಲ್ಲೂ ಅಳಿಸಿಹೋಗುತ್ತದೆ. ಅದನ್ನು ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ.

ಒಬ್ಬನೇ ಗಿರಾಕಿಯ ಡೇಟಾ ಹಾಳಾದರೆ? ನಮ್ಮಲ್ಲಿ ಜಾಸ್ತಿ ಬರುವ ಕೋರಿಕೆ ಇದೇ. ಯಾರೋ ಸ್ಟಾಕ್ ಶೀಟನ್ನು ತಪ್ಪಾಗಿ ಅಪ್‌ಲೋಡ್ ಮಾಡಿರುತ್ತಾರೆ. ಆಗ ಎರಡು ಬಗೆಯನ್ನೂ ಜೋಡಿಸುತ್ತೇವೆ. ಪಕ್ಕದ ಮೆಷಿನ್‌ನಲ್ಲಿ ಇಡೀ ಸರ್ವರ್ರನ್ನು ಅಪ್‌ಲೋಡ್‌ಗೆ ಒಂದು ನಿಮಿಷ ಮೊದಲಿನ ಸ್ಥಿತಿಗೆ ತರುತ್ತೇವೆ. ಅಲ್ಲಿಂದ ಅವರ ಸ್ಕೀಮಾದ ಸ್ಟಾಕ್ ಟೇಬಲ್ ಮಾತ್ರ ಪಿಜಿ ಡಂಪ್ ಮಾಡಿ ಇತ್ತ ಕಡೆ ತರುತ್ತೇವೆ. ಬೇರೆಯವರ ಬಿಲ್ಲಿಂಗ್ ನಿಲ್ಲುವುದಿಲ್ಲ.

ಎಲ್ಲಿ ಇಡಬೇಕು ಅನ್ನುವುದೂ ಆಯ್ಕೆಯ ಭಾಗವೇ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ನೀರು ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಎಲ್ಲ ಪ್ರತಿಗಳೂ ಒಂದೇ ಊರಿನಲ್ಲಿ ಇರಬಾರದು ಅಂತ ಒಂದು ಪ್ರತಿ ಮುಂಬೈಗೆ ಹೋಗುತ್ತದೆ. ಹೊರದೇಶದಲ್ಲಿ ಇಡುವ ಯೋಚನೆ ಬೇಗ ಬಿಟ್ಟೆವು. 2022ರ ಆಗಸ್ಟ್‌ನಲ್ಲಿ ಕಂಪನಿ ಲೆಕ್ಕಪತ್ರಗಳ ನಿಯಮ ತಿದ್ದುಪಡಿಯಾಗಿ, ಕಂಪ್ಯೂಟರ್‌ನಲ್ಲಿಟ್ಟ ಲೆಕ್ಕದ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನವೂ ಇರಬೇಕು ಅಂತ ಆಗಿದೆ. ನಮ್ಮ ಗಿರಾಕಿಗಳಲ್ಲಿ ಪ್ರೈವೇಟ್ ಲಿಮಿಟೆಡ್ ಆದವರ ಆಡಿಟರ್‌ಗಳು ಇದನ್ನು ಕೇಳಿಯೇ ಕೇಳುತ್ತಾರೆ. ಮುಂಬೈ ಪ್ರತಿಯನ್ನು ಅಳಿಸುವ ಅಧಿಕಾರ ಡೇಟಾಬೇಸ್ ಸರ್ವರ್‌ನ ಯಾವ ಪಾಸ್‌ವರ್ಡಿಗೂ ಇಲ್ಲ. ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಮೊದಲು ಕೈಹಾಕುವುದೇ ಬ್ಯಾಕಪ್‌ಗೆ.

2017ರ ಜನವರಿ 31ರಂದು ಪ್ರೋಗ್ರಾಂ ಕೋಡ್ ಇಡುವ ಜಾಲತಾಣ ಗಿಟ್‌ಲ್ಯಾಬ್‌ನಲ್ಲಿ ಆದದ್ದನ್ನು ನಮ್ಮ ತಂಡಕ್ಕೆ ಬರುವ ಹೊಸಬರಿಗೆಲ್ಲ ಹೇಳುತ್ತೇನೆ. ಮುಖ್ಯ ಸರ್ವರ್‌ನ ಡೇಟಾ ಅಳಿಸಿಹೋಯಿತು. ದಿನಾ ಆಗುತ್ತಿದೆ ಅಂದುಕೊಂಡಿದ್ದ ಡಂಪ್ ಆಗುತ್ತಲೇ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಡಂಪ್ ಮಾಡುವ ಟೂಲ್ 9.2 ವರ್ಷನ್ ಆಗಿದ್ದರಿಂದ ಹೊಂದುತ್ತಿರಲಿಲ್ಲ. ಅದು ಸೋಲುತ್ತಿದೆ ಅನ್ನುವ ಮೇಲ್‌ಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆ ತೆಗೆದಿದ್ದ ಆರು ಗಂಟೆ ಹಳೆಯ ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಎಲ್ಲವನ್ನೂ ಅವರೇ ಬಿಚ್ಚಿ ಬರೆದದ್ದು ನಮ್ಮಂಥವರಿಗೆ ದೊಡ್ಡ ಉಪಕಾರ.

ನಾವು ಪ್ರತಿ ತಿಂಗಳು ಖಾಲಿ ಮೆಷಿನ್‌ಗೆ ಮುಂಬೈ ಪ್ರತಿಯಿಂದಲೇ ರಿಸ್ಟೋರ್ ಮಾಡುತ್ತೇವೆ. ಡೇಟಾಬೇಸ್ ಎದ್ದಿತು ಅಂದರೆ ಸಾಲದು. ಪ್ರತಿ ಗಿರಾಕಿಯ ಕೊನೆಯ ಬಿಲ್ ನಂಬರ್, ಆ ದಿನದ ಒಟ್ಟು ಮೊತ್ತ, ಗೋಡೌನ್ ಸ್ಟಾಕ್ ಮೂರನ್ನೂ ಮೂಲದ ಜೊತೆ ತಾಳೆ ನೋಡುತ್ತೇವೆ. ಹಿಡಿದ ಹೊತ್ತನ್ನೂ ಬರೆದಿಡುತ್ತೇವೆ. ಡೇಟಾ ಬೆಳೆದ ಹಾಗೆ ಆ ಹೊತ್ತು ಎರಡು ಗಂಟೆಯ ಗಡಿಗೆ ಹತ್ತಿರ ಬರುತ್ತಿದೆಯಾ ಅಂತ ಗೊತ್ತಾಗುವುದು ಹೀಗೆಯೇ.

ಇಷ್ಟಾದರೂ ಪಿಜಿ ಡಂಪ್ ಬಿಟ್ಟಿಲ್ಲ. ಜಿಎಸ್‌ಟಿ ಕಾನೂನಿನಂತೆ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಷ್ಟು ವರ್ಷದ ಮೇಲೆ ಇವತ್ತಿನ ಫಿಸಿಕಲ್ ಬ್ಯಾಕಪ್ ತೆರೆಯಬೇಕಾದರೆ ಇವತ್ತಿನದೇ ಪೋಸ್ಟ್‌ಗ್ರೆಸ್ ಹುಡುಕಿ ತರಬೇಕು. ಡಂಪ್ ಆದರೆ ಮುಂದಿನ ವರ್ಷನ್‌ಗಳಲ್ಲೂ ತೆರೆಯುತ್ತದೆ. ಹಾಗಾಗಿ ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಡಂಪ್ ತೆಗೆಯುತ್ತೇವೆ. ಯೂಸರ್‌ಗಳು, ಪರ್ಮಿಷನ್ ಕೊಡಲು ಮಾಡಿದ ರೋಲ್‌ಗಳು ಅದರಲ್ಲಿ ಬರುವುದಿಲ್ಲ. ಅವನ್ನು ಪಿಜಿ ಡಂಪ್ ಆಲ್ ಅನ್ನುವ ಇನ್ನೊಂದು ಟೂಲ್‌ನಿಂದ ಬೇರೆ ಫೈಲಿಗೆ ತೆಗೆದು ಪಕ್ಕದಲ್ಲೇ ಇಡುತ್ತೇವೆ.