ರಾತ್ರಿ ಎರಡಕ್ಕೆ ಫೇಲ್, ಬೆಳಗ್ಗೆ ಹತ್ತಕ್ಕೆ ಪಾಸ್

ನಮ್ಮದು ಛತ್ರ ಬುಕಿಂಗ್ ಸಾಫ್ಟ್‌ವೇರ್. ಜಯನಗರದ ಒಂದು ಮನೆಯ ಮಹಡಿ ಮೇಲೆ ಆರು ಜನ ಕೂತು ಮಾಡುವ ಕೆಲಸ. ಯಾವ ದಿನ ಖಾಲಿ ಇದೆ, ಯಾರು ಅಡ್ವಾನ್ಸ್ ಕಟ್ಟಿದ್ದಾರೆ ಅಂತ ಛತ್ರದವರು ಮೊದಲು ಉದ್ದನೆಯ ಡೈರಿಯಲ್ಲಿ ಬರೆದಿಡುತ್ತಿದ್ದರು. ಅದನ್ನೇ ನಾವು ಬ್ರೌಸರ್‌ಗೆ ತಂದೆವು.

ಹೊರಗಿನಿಂದ ನೋಡಿದರೆ ಇದರಲ್ಲೇನಿದೆ ಅನ್ನಿಸುತ್ತದೆ. ಆದರೆ ಛತ್ರದ ಒಂದು ದಿನ ಅಂದರೆ ಒಂದು ದಿನ ಅಲ್ಲ. ಹಿಂದಿನ ದಿನ ಮಧ್ಯಾಹ್ನ ಬೀಗದ ಕೈ ಕೊಡಬೇಕು. ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ, ಊಟ ಮುಗಿದು ನಾಲ್ಕು ಗಂಟೆಗೆ ಖಾಲಿ. 12ನೇ ತಾರೀಖಿನ ಮುಹೂರ್ತ ಬುಕ್ ಆಯಿತು ಅಂದರೆ 11ರ ಸಂಜೆಯೂ ಹೋಯಿತು. ನಾಮಕರಣಕ್ಕೆ ಅರ್ಧ ದಿನ ಸಾಕು. ಈ ಲೆಕ್ಕದಲ್ಲಿ ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಮುರಿಯುತ್ತಿತ್ತು.

ಕೋಡಿನ ಒಂದೊಂದು ತುಂಡನ್ನು ಬೇರೆ ಬೇರೆಯಾಗಿ ಪರೀಕ್ಷಿಸುವ ಯೂನಿಟ್ ಟೆಸ್ಟ್‌ಗಳು ಇದ್ದವು, ಎಲ್ಲವೂ ಪಾಸ್. ಆದರೆ ಕ್ಯಾಲೆಂಡರ್‌ನಲ್ಲಿ ದಿನ ಒತ್ತಿ, ಫಾರಂ ತುಂಬಿ, ದುಡ್ಡು ಕಟ್ಟಿ, ರಸೀದಿ ಕೈಗೆ ಬರುವ ತನಕ ದಾರಿ ಪೂರ್ತಿ ಸರಿ ಇದೆಯಾ ಅಂತ ಅವು ಹೇಳುತ್ತಿರಲಿಲ್ಲ. ಹಾಗಾಗಿ ಪ್ರತಿ ರಿಲೀಸ್‌ಗೆ ಮುಂಚೆ ನಾನು, ನಮ್ಮ ಕ್ಯೂಎ (ಗುಣಮಟ್ಟ ಪರೀಕ್ಷೆ) ನೋಡುವ ಹುಡುಗಿ, ಇಬ್ಬರೂ 64 ಸಾಲಿನ ಒಂದು ಎಕ್ಸೆಲ್ ಶೀಟ್ ಇಟ್ಟುಕೊಂಡು ಕೈಯಲ್ಲೇ ಎಲ್ಲ ಒತ್ತಿ ನೋಡುತ್ತಿದ್ದೆವು. ಮೂರು ಗಂಟೆ ಹಿಡಿಯುತ್ತಿತ್ತು. ನಲವತ್ತನೇ ಸಾಲಿನ ಹೊತ್ತಿಗೆ ಕಣ್ಣು ನೋಡುತ್ತಿರುತ್ತದೆ, ತಲೆ ನೋಡುತ್ತಿರುವುದಿಲ್ಲ.

ಆಷಾಢ ಬಂತು. ಮದುವೆ ಇಲ್ಲ, ಛತ್ರದವರ ಫೋನ್ ಇಲ್ಲ. ಈ ಕೆಲಸವನ್ನು ಬ್ರೌಸರ್‌ನಿಂದಲೇ ಮಾಡಿಸೋಣ ಅಂತ ಆ ತಿಂಗಳು ಕೂತೆವು.

ಮೊದಲು ಹಿಡಿದದ್ದು ಸೆಲೆನಿಯಂ, ಬ್ರೌಸರ್ ಅನ್ನು ಕೋಡಿನಿಂದ ಓಡಿಸುವ ಟೂಲ್. 2004ರಲ್ಲಿ ಜೇಸನ್ ಹಗಿನ್ಸ್ ಶುರು ಮಾಡಿದ್ದು. ಮರ್ಕ್ಯುರಿ ಅನ್ನೋ ಪ್ರತಿಸ್ಪರ್ಧಿ ಕಂಪನಿಯನ್ನು ಕೆಣಕಲು ಆ ಹೆಸರಿಟ್ಟರಂತೆ: ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು! ನನಗೆ ಗೊತ್ತಿದ್ದದ್ದೂ ಅದೊಂದೇ. ಎರಡು ವಾರದಲ್ಲಿ 40 ಟೆಸ್ಟ್ ಬರೆದೆ. ಬ್ರೌಸರ್ ತಾನೇ ತೆರೆದುಕೊಂಡು, ತಾನೇ ಟೈಪ್ ಮಾಡಿಕೊಂಡು, ತಾನೇ ಬಟನ್ ಒತ್ತುವುದನ್ನು ನೋಡಲು ಅಕ್ಕಪಕ್ಕದವರೆಲ್ಲ ಬಂದು ನಿಂತರು. ಕಾಫಿ ತಂದುಕೊಡುವ ಹುಡುಗನೂ ನಿಂತ.

ಆ ಖುಷಿ ಒಂದು ವಾರ ಇತ್ತು. ಆಮೇಲೆ ಟೆಸ್ಟ್‌ಗಳು ಬೀಳೋಕೆ ಶುರುವಾದವು. ಪುಟ ಬರುವ ಮೊದಲೇ ಬಟನ್ ಹುಡುಕಿ, ಸಿಗಲಿಲ್ಲ ಅಂತ ಕೂಗುತ್ತಿದ್ದವು. ನಾನು ಮಾಡಿದ ಮದ್ದು ಎಲ್ಲರೂ ಮೊದಲ ಸಲ ಮಾಡುವ ಮದ್ದೇ: ಸ್ಲೀಪ್ ಹಾಕಿದೆ. ಇಲ್ಲಿ ಮೂರು ಸೆಕೆಂಡ್ ಕಾಯಿ, ಅಲ್ಲಿ ಮೂರು ಸೆಕೆಂಡ್ ಕಾಯಿ. ಒಂದು ಟೆಸ್ಟ್‌ಗೆ ಸುಮಾರು ಆರು ಕಡೆ. 40 ಟೆಸ್ಟ್, ಆರು ಸ್ಲೀಪ್, ಮೂರು ಸೆಕೆಂಡ್. 12 ನಿಮಿಷ ಸುಮ್ನೆ ನಿದ್ದೆ. ಸರ್ವರ್ ನಿಧಾನವಾದ ದಿನ ಆ ಮೂರು ಸೆಕೆಂಡೂ ಸಾಲುತ್ತಿರಲಿಲ್ಲ.

ಸ್ಲೀಪ್ ಬದಲು ಸೆಲೆನಿಯಂನಲ್ಲೇ ಎರಡು ಥರ ಕಾಯುವ ವ್ಯವಸ್ಥೆ ಇದೆ, ಇಂಪ್ಲಿಸಿಟ್ (ಪ್ರತಿ ಹುಡುಕಾಟಕ್ಕೂ ತಾನೇ ಕಾಯುವುದು) ಮತ್ತು ಎಕ್ಸ್‌ಪ್ಲಿಸಿಟ್ (ಹೇಳಿದ ಕಡೆ ಮಾತ್ರ ಕಾಯುವುದು). ಎರಡನ್ನೂ ಬೆರೆಸಬೇಡಿ ಅಂತ ಅವರ ಕೈಪಿಡಿಯಲ್ಲೇ ಬರೆದಿದೆ. 10 ಸೆಕೆಂಡಿನ ಇಂಪ್ಲಿಸಿಟ್, 15 ಸೆಕೆಂಡಿನ ಎಕ್ಸ್‌ಪ್ಲಿಸಿಟ್ ಸೇರಿದರೆ 20 ಸೆಕೆಂಡ್ ಕಾದರೂ ಕಾಯಬಹುದು. ನಾನು ಬೆರೆಸಿದ ಮೇಲೆ ಅದನ್ನು ಓದಿದೆ.

ಇನ್ನೊಂದು ತಪ್ಪು ವಿಳಾಸದ್ದು. ಕ್ರೋಮ್‌ನ ಇನ್ಸ್‌ಪೆಕ್ಟ್ ಕಿಟಕಿಯಲ್ಲಿ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಪಾತ್, ಅಂದರೆ ಪುಟದಲ್ಲಿ ಬಟನ್ ಇರುವ ಜಾಗದ ವಿಳಾಸ, ಕಾಪಿ ಮಾಡಿಕೊಳ್ಳಬಹುದು. ಬಾಡಿಯೊಳಗಿನ ಎರಡನೇ ಡಿವ್ (ಪುಟವನ್ನು ಭಾಗ ಮಾಡುವ ಡಬ್ಬಿ), ಅದರೊಳಗೆ ಮೂರನೇ ಡಿವ್, ಅದರ ಬಟನ್. ನಮ್ಮ ಊರಲ್ಲಿ ವಿಳಾಸ ಹೇಳಿದ ಹಾಗೆಯೇ: ನಾಲ್ಕನೇ ಮೇನ್, ಏಳನೇ ಕ್ರಾಸ್, ಪೆಟ್ರೋಲ್ ಬಂಕ್ ಆದಮೇಲೆ ಮೂರನೇ ಮನೆ. ಬಂಕ್ ಎತ್ತಿದರೆ ಮುಗೀತು. ಡಿಸೈನ್ ಮಾಡುವವರು ಮೇಲೆ ಒಂದು ಬ್ಯಾನರ್ ಸೇರಿಸಿದರು, ಒಂದೇ ದಿನ 23 ಟೆಸ್ಟ್ ಬಿದ್ದವು.

ಇದೆಲ್ಲ ಆದಮೇಲೆ ಪ್ಲೇರೈಟ್ ಅನ್ನೋ ಅಂಥದ್ದೇ ಇನ್ನೊಂದು ಟೂಲ್‌ಗೆ ಹೋದೆವು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಹೊರತಂದದ್ದು. ಸೆಲೆನಿಯಂ ಕೆಟ್ಟದ್ದು ಅಂತಲ್ಲ, ನಾನು ಬಳಸಿದ ರೀತಿ ಕೆಟ್ಟದ್ದಾಗಿತ್ತು. ಆದರೆ ಪ್ಲೇರೈಟ್‌ನಲ್ಲಿ ತಪ್ಪು ಮಾಡುವುದು ಸ್ವಲ್ಪ ಕಷ್ಟ. ಬಟನ್ ಒತ್ತುವ ಮೊದಲು ಅದೇ ನೋಡಿಕೊಳ್ಳುತ್ತದೆ: ಬಟನ್ ಕಾಣುತ್ತಿದೆಯಾ, ಅಲುಗಾಡದೆ ನಿಂತಿದೆಯಾ, ಅದರ ಮೇಲೆ ಬೇರೇನಾದರೂ ಮುಚ್ಚಿಕೊಂಡಿದೆಯಾ, ಒತ್ತಲು ಬಿಡುತ್ತದೆಯಾ ಅಂತ. ಪುಟ ಮತ್ತೆ ಬರೆದುಕೊಂಡರೂ ಪ್ರತಿ ಸಲ ಹೊಸದಾಗಿ ಹುಡುಕುತ್ತದೆ. ಸೆಲೆನಿಯಂನಲ್ಲಿ ಹಳೆಯ ಎಲಿಮೆಂಟ್ ಹಿಡಿದುಕೊಂಡು ಸ್ಟೇಲ್ (ಹಳಸಿದ್ದು) ಅಂತ ಬೈಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಎಕ್ಸ್‌ಪಾತ್ ಬಿಟ್ಟು, ಜನರಿಗೆ ಕಾಣುವ ಲೇಬಲ್ ಹಿಡಿದು ಹುಡುಕಿದೆವು. ಆಗ 'ವರನ ಹೆಸರು' ಅನ್ನೋ ಲೇಬಲ್‌ನಿಂದ ಇನ್‌ಪುಟ್ ಸಿಗಲೇ ಇಲ್ಲ. ನೋಡಿದರೆ ಲೇಬಲ್ ಪಕ್ಕದಲ್ಲಿ ಇತ್ತು, ಜೋಡಿಸಿರಲಿಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೂ ಅದು ಸಿಗುತ್ತಿರಲಿಲ್ಲ ಅಂತಾಯಿತು. ಅದು ಲಾಭ. ನಷ್ಟವೂ ಇದೆ. 'ಮುಂಗಡ ಪಾವತಿಸಿ' ಅನ್ನುವುದನ್ನು ಯಾರೋ 'ಅಡ್ವಾನ್ಸ್ ಕಟ್ಟಿ' ಅಂತ ಬದಲಾಯಿಸಿದರು. ಬದಲಾವಣೆ ಒಳ್ಳೆಯದೇ, ಜನ ಹಾಗೇ ಅಲ್ವಾ ಮಾತಾಡೋದು. ಆದರೆ ಟೆಸ್ಟ್‌ಗಳು ಸಾಲಾಗಿ ಬಿದ್ದವು. ಈಗ ಮುಖ್ಯವಾದ ನಾಲ್ಕು ದಾರಿಗಳನ್ನು ಮಾತ್ರ ಕನ್ನಡ ಪದ ಹಿಡಿದು ನೋಡುತ್ತೇವೆ. ಉಳಿದದ್ದಕ್ಕೆ ಟೆಸ್ಟ್‌ಐಡಿ, ಅಂದರೆ ಟೆಸ್ಟ್‌ಗೆಂದೇ ಕೋಡಿನಲ್ಲಿ ಇಟ್ಟ, ಜನರಿಗೆ ಕಾಣದ ಹೆಸರು.

ಇಷ್ಟಾದರೂ ಒಂದು ಕಾಯಿಲೆ ಉಳಿದಿತ್ತು. ಕೆಲವು ಟೆಸ್ಟ್‌ಗಳು ಒಮ್ಮೆ ಪಾಸ್, ಒಮ್ಮೆ ಫೇಲ್. ಏನೂ ಬದಲಾಗಿರುವುದಿಲ್ಲ. ಆಫೀಸಿನಲ್ಲಿ ಇದಕ್ಕೆ ಒಂದೇ ಮಂತ್ರ: "ಮತ್ತೆ ಓಡಿಸು." ನಮ್ಮ ಸೀನಿಯರ್ ಒಬ್ಬರಿದ್ದಾರೆ, ಎಲ್ಲರೂ ಅಣ್ಣ ಅಂತಲೇ ಕರೆಯೋದು. ಅವರು ಒಂದು ದಿನ ಕೇಳಿದರು, "ಅಲ್ಲಮ್ಮಾ, ಈ ಟೆಸ್ಟ್ ಸುಳ್ಳು ಹೇಳುತ್ತೆ ಅಂತ ನಿನಗೆ ಹೇಗೆ ಗೊತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಜಾಸ್ತಿ ಕಾಟ ಕೊಡುತ್ತಿದ್ದ ಒಂದನ್ನು ಹಿಡಿದೆ. 'ಈ ದಿನ ಬೇಕು' ಬಟನ್ ಒತ್ತಿದರೆ ಫಾರಂ ತೆರೆಯಬೇಕು. ಅದನ್ನು ಒಂದೇ ಸಮ 100 ಸಲ ಓಡಿಸಿದೆ. ಆರು ಸಲ ಫೇಲ್. ಪ್ಲೇರೈಟ್ ಪ್ರತಿ ಹೆಜ್ಜೆಯ ಮುಂಚಿನ ಮತ್ತು ನಂತರದ ಪುಟವನ್ನು ಟ್ರೇಸ್ ಅಂತ ಇಟ್ಟುಕೊಳ್ಳುತ್ತದೆ. ಆರನ್ನೂ ತೆರೆದು ನೋಡಿದೆ. ಬಟನ್ ಇದೆ, ಒತ್ತಿದ್ದಾಗಿದೆ, ಏನೂ ಆಗಿಲ್ಲ.

ಕಾರಣ ಗೊತ್ತಾಗಲು ಅರ್ಧ ದಿನ ಹಿಡಿಯಿತು. ನಮ್ಮ ಪುಟ ಸರ್ವರ್‌ನಲ್ಲೇ ತಯಾರಾಗಿ ಬರುತ್ತದೆ, ಹಾಗಾಗಿ ಬಟನ್ ತಕ್ಷಣ ಕಾಣುತ್ತದೆ. ಅದಕ್ಕೆ ಜೀವ ಕೊಡುವ ಜಾವಾಸ್ಕ್ರಿಪ್ಟ್ ಸ್ವಲ್ಪ ಹಿಂದೆ ಬರುತ್ತದೆ. ಆ ನಡುವಿನ ಹೊತ್ತಲ್ಲಿ ಒತ್ತಿದ್ದು ಗಾಳಿಗೆ ಹೋಗುತ್ತದೆ. ಬಟನ್ ಕಾಣುತ್ತಿದೆ, ನಿಂತಿದೆ, ಮುಚ್ಚಿಲ್ಲ. ಪ್ಲೇರೈಟ್‌ಗೆ ಅನುಮಾನ ಬರಲು ಕಾರಣವೇ ಇಲ್ಲ. ನಾನು ಕ್ರೋಮ್‌ನಲ್ಲಿ ನೆಟ್ ಅನ್ನು ನಿಧಾನದ 3ಜಿಗೆ ಇಳಿಸಿ ಕೈಯಲ್ಲೇ ಒತ್ತಿದೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲವೂ ಇಲ್ಲ.

ಆಗ ನೆನಪಾಯಿತು. ಊರಾಚೆ ಇರುವ ಒಂದು ಛತ್ರದ ಮ್ಯಾನೇಜರ್ ಅಂಕಲ್ ಎರಡು ತಿಂಗಳಿಂದ ಹೇಳುತ್ತಿದ್ದರು, "ನಿಮ್ಮ ಬಟನ್ ಎರಡು ಮೂರು ಸಲ ಕುಟ್ಟಬೇಕಮ್ಮಾ" ಅಂತ. ನಾವು "ನೆಟ್ ಪ್ರಾಬ್ಲಂ ಇರಬೇಕು ಸಾರ್" ಅಂತ ಸಾಗಹಾಕಿದ್ದೆವು. ಟೆಸ್ಟ್ ಕೂಡ ಅದೇ ದೂರು ಹೇಳುತ್ತಿತ್ತು. ಅದನ್ನೂ ಸಾಗಹಾಕಿದ್ದೆವು. ಜಾವಾಸ್ಕ್ರಿಪ್ಟ್ ಬರುವ ತನಕ ಬಟನ್ ಮಂಕಾಗಿ, ಒತ್ತಲಾಗದ ಹಾಗೆ ಇರಲಿ ಅಂತ ತಿದ್ದಿದೆವು. ಟೆಸ್ಟ್ ಒಂದು ಅಕ್ಷರವೂ ಬದಲಾಗಲಿಲ್ಲ. 100ಕ್ಕೆ 100 ಪಾಸ್.

ಅಲ್ಲಿಂದ 'ಮತ್ತೆ ಓಡಿಸು' ನಿಲ್ಲಿಸಿದೆವು. ಆಗಲೇ ಆ ರಾತ್ರಿ ಎರಡು ಗಂಟೆಯದ್ದು ಕೈಗೆ ಸಿಕ್ಕಿದ್ದು. ದಿನಾ ರಾತ್ರಿ ಎರಡಕ್ಕೆ ಎಲ್ಲ ಟೆಸ್ಟ್ ತಾನೇ ಓಡುತ್ತದೆ. 'ನಿನ್ನೆಯ ದಿನ ಬುಕ್ ಆಗಬಾರದು' ಅನ್ನೋ ಟೆಸ್ಟ್ ರಾತ್ರಿ ಫೇಲ್. ಬೆಳಗ್ಗೆ ಹತ್ತಕ್ಕೆ ನಾವು ಬಂದು ಓಡಿಸಿದರೆ ಪಾಸ್. ದೆವ್ವ ಬಿಡಿಸಬೇಕು ಅಂತ ತಮಾಷೆ ಮಾಡಿಕೊಂಡು ಮೂರು ವಾರ ದೂಡಿದ್ದೆವು.

ದೆವ್ವ ಐದೂವರೆ ಗಂಟೆಯದ್ದು. ಸರ್ವರ್ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿತ್ತು. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ 15ನೇ ತಾರೀಖು ರಾತ್ರಿ ಎರಡು ಗಂಟೆ ಅಂದರೆ ಸರ್ವರ್‌ಗೆ ಇನ್ನೂ 14ರ ರಾತ್ರಿ ಎಂಟೂವರೆ. ಅದರ ಪಾಲಿಗೆ 14 ಇನ್ನೂ 'ಇವತ್ತು'. ಬೆಳಗಿನ ಜಾವ ಐದೂವರೆ ದಾಟಿದರೆ ಎರಡೂ ಗಡಿಯಾರ ಒಂದೇ ತಾರೀಖು ತೋರಿಸುತ್ತವೆ, ದೆವ್ವ ಮಾಯ.

ನಿನ್ನೆಗೆ ಯಾರು ಮದುವೆ ಬುಕ್ ಮಾಡ್ತಾರೆ, ಬಿಡು ಅಂತ ಒಬ್ಬರು ಅಂದರು. ಆದರೆ ಅಡ್ವಾನ್ಸ್ ರಸೀದಿಯ ತಾರೀಖೂ ಅದೇ ಗಡಿಯಾರದಿಂದ ಬರುತ್ತಿತ್ತು. ಏಪ್ರಿಲ್ 1 ಶುರುವಾದ ರಾತ್ರಿ ಹನ್ನೆರಡೂವರೆಗೆ ಯಾರಾದರೂ ದುಡ್ಡು ಕಟ್ಟಿದರೆ ರಸೀದಿಯಲ್ಲಿ ಮಾರ್ಚ್ 31 ಬೀಳುತ್ತದೆ. ಅಂದರೆ ಹೋದ ಆರ್ಥಿಕ ವರ್ಷದ ಲೆಕ್ಕಕ್ಕೆ. ಇದನ್ನು ಹೇಳಿದ ಮೇಲೆ ಯಾರೂ ನಗಲಿಲ್ಲ. ಆಡಿಟರ್ ಹೆಸರು ಹೇಳಿದರೆ ಬಗ್‌ಗಳು ಬೇಗ ಸರಿಹೋಗುತ್ತವೆ.

ಕನ್ನಡದ್ದೇ ಕೆಲವು ಕಾಟಗಳಿವೆ. ಒಂದು ಛತ್ರದ ಹೆಸರಿನಲ್ಲಿ 'ೋ' ಇತ್ತು. ಟೈಪ್ ಮಾಡಿದ ಹೆಸರು, ಪುಟದಲ್ಲಿ ಬಂದ ಹೆಸರು, ಎರಡೂ ಕಣ್ಣಿಗೆ ಒಂದೇ. ಟೆಸ್ಟ್ ಮಾತ್ರ ಬೇರೆ ಬೇರೆ ಅನ್ನುತ್ತದೆ. ಯೂನಿಕೋಡ್‌ನಲ್ಲಿ ಈ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡು ಜೋಡಿಸಿಯೂ ಬರೆಯಬಹುದು. ಎಲ್ಲವನ್ನೂ ಎನ್‌ಎಫ್‌ಸಿ ಅನ್ನೋ ಜೋಡಿಸಿದ ರೂಪಕ್ಕೆ ತಂದು ಉಳಿಸಿಕೊಂಡರೆ ಇದು ತೀರುತ್ತದೆ. 'ರಾಜ್‌ಕುಮಾರ್ ರಸ್ತೆ' ಮಾತ್ರ ಇದರಿಂದಲೂ ತೀರಲಿಲ್ಲ. ಜ್ ಮತ್ತು ಕು ಒತ್ತಕ್ಷರ ಆಗದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಹುಡುಕಿದರೆ ಛತ್ರ ಸಿಗುವುದಿಲ್ಲ. ಹುಡುಕುವಾಗ ಮಾತ್ರ ಅದನ್ನು ತೆಗೆದುಹಾಕುತ್ತೇವೆ. ತೋರಿಸುವಾಗ ತೆಗೆದರೆ 'ರಾಜ್ಕುಮಾರ್' ಆಗಿಬಿಡುತ್ತದೆ.

ಇನ್ನೊಂದು ಸಲ ಎಲ್ಲ ಟೆಸ್ಟ್ ಪಾಸ್, ಆದರೆ ಸ್ಕ್ರೀನ್‌ಶಾಟ್ ತುಂಬ ಖಾಲಿ ಡಬ್ಬಿಗಳು. ಸರ್ವರ್‌ನಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಪದ ಒಳಗೆ ಸರಿ ಇತ್ತು, ಹಾಗಾಗಿ ಟೆಸ್ಟ್‌ಗೆ ತೊಂದರೆ ಇಲ್ಲ. ರಸೀದಿಯ ಪಿಡಿಎಫ್ ಮಾಡುವುದೂ ಅಂಥದ್ದೇ ಸರ್ವರ್‌ನ ಹೆಡ್‌ಲೆಸ್ (ಪರದೆ ಇಲ್ಲದೆ ಓಡುವ) ಕ್ರೋಮ್. ಸುಮ್ನೆ ಸ್ಕ್ರೀನ್‌ಶಾಟ್ ತೆರೆದು ನೋಡಿದ್ದಕ್ಕೆ ಬಚಾವಾದೆವು. ನೋಟೋ ಫಾಂಟ್ ಹಾಕಿದೆವು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪ್ರತಿ ಟೆಸ್ಟ್ ತನಗೆ ಬೇಕಾದ ಛತ್ರವನ್ನು ತಾನೇ ಎಪಿಐ (ಪುಟ ತೆರೆಯದೆ ಸರ್ವರ್ ಜೊತೆ ನೇರ ಮಾತಾಡುವ ದಾರಿ) ಮೂಲಕ ಹುಟ್ಟಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಒಟ್ಟಿಗೆ ಓಡುವ ಎರಡು ಟೆಸ್ಟ್ ಒಂದೇ ದಿನಕ್ಕೆ ಜಗಳ ಆಡುತ್ತವೆ. ಓಟಿಪಿ, ಟೆಸ್ಟ್ ಸರ್ವರ್‌ನಲ್ಲಿ ಮಾತ್ರ, ಯಾವಾಗಲೂ ಒಂದೇ ನಂಬರ್. ಒಮ್ಮೆ ಲಾಗಿನ್ ಆಗಿ ಆ ಸ್ಥಿತಿಯನ್ನು ಉಳಿಸಿಕೊಂಡರೆ ಉಳಿದವು ಮತ್ತೆ ಲಾಗಿನ್ ಆಗಬೇಕಿಲ್ಲ. ಪೇಮೆಂಟ್ ಹಗಲೆಲ್ಲ ನಕಲಿ, ರಾತ್ರಿ ಒಂದು ಸಲ ಗೇಟ್‌ವೇಯ ಟೆಸ್ಟ್ ಮೋಡ್. 64 ಸಾಲಿನ ಎಕ್ಸೆಲ್‌ನಲ್ಲಿ 30 ಸಾಲು ಮಾತ್ರ ಬ್ರೌಸರ್ ಟೆಸ್ಟ್ ಆಗಿವೆ. ಮಿಕ್ಕಿದ್ದಕ್ಕೆ ಯೂನಿಟ್ ಟೆಸ್ಟೇ ಸಾಕು ಅಂತ ಬರೆಯುತ್ತಾ ಗೊತ್ತಾಯಿತು.

ನನಗೆ ತುಂಬ ಇಷ್ಟದ ಟೆಸ್ಟ್ ಒಂದಿದೆ. ಒಂದೇ ಟೆಸ್ಟ್‌ನಲ್ಲಿ ಎರಡು ಬ್ರೌಸರ್ ತೆರೆಯುತ್ತದೆ, ಇವು ಗಂಡಿನ ಕಡೆ, ಹೆಣ್ಣಿನ ಕಡೆ ಅಲ್ಲ, ಎರಡು ಬೇರೆ ಬೇರೆ ಮದುವೆ ಮನೆಯವರು. ಇಬ್ಬರೂ ಒಂದೇ ಛತ್ರ, ಒಂದೇ ಮುಹೂರ್ತಕ್ಕೆ ಒಟ್ಟಿಗೆ 'ಅಡ್ವಾನ್ಸ್ ಕಟ್ಟಿ' ಒತ್ತುತ್ತಾರೆ. ಒಬ್ಬರಿಗೆ ರಸೀದಿ, ಇನ್ನೊಬ್ಬರಿಗೆ 'ಈ ದಿನ ಈಗಷ್ಟೇ ಹೋಯಿತು' ಅಂತ ಬರಬೇಕು. ಮೊದಲ ಸಲ ಓಡಿಸಿದಾಗ ಇಬ್ಬರಿಗೂ ರಸೀದಿ ಬಂತು. ಡೇಟಾಬೇಸ್‌ನಲ್ಲಿ ಛತ್ರ ಮತ್ತು ದಿನ ಸೇರಿ ಒಂದೇ ಸಲ ಬರಬೇಕು ಅಂತ ಯೂನಿಕ್ ನಿಯಮ ಹಾಕಿದ ಮೇಲೆ ಸರಿಹೋಯಿತು. ನಿಜವಾದ ಛತ್ರದಲ್ಲಿ ಹೀಗೆ ಆಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ಅಣ್ಣನಿಗೂ ಇಷ್ಟ ಇರಲಿಲ್ಲ.

ಈಗ ಪೂರ್ತಿ ಓಡಲು ನಾಲ್ಕು ನಿಮಿಷ. ಐಫೋನ್‌ನವರಿಗಾಗಿ ಸಫಾರಿಯ ಒಳಗಿನ ಎಂಜಿನ್ ವೆಬ್‌ಕಿಟ್‌ನಲ್ಲೂ ಓಡಿಸುತ್ತೇವೆ. ಅಲ್ಲಿ ಕ್ಯಾಲೆಂಡರ್‌ನ ಒಂದು ಟೆಸ್ಟ್ 200ಕ್ಕೆ ಒಂದು ಸಲ ಬೀಳುತ್ತಿದೆ, ಯಾಕೆ ಅಂತ ಇನ್ನೂ ಸಿಕ್ಕಿಲ್ಲ. ಅದನ್ನು ಆಫ್ ಮಾಡಿಲ್ಲ, ಮತ್ತೆ ಓಡಿಸಿಯೂ ಇಲ್ಲ. ಹೆಸರಿನ ಮುಂದೆ ಕೆಂಪು ಗುರುತು ಹಾಕಿ ಬೋರ್ಡ್ ಮೇಲೆ ಬರೆದಿಟ್ಟಿದ್ದೇವೆ. ಆಷಾಢಕ್ಕೆ ಇನ್ನು ಆರು ವಾರ ಇದೆ.