ಮುರಿದ ವೀಲ್ ಸ್ಟಡ್ ಮನೆಯಲ್ಲೇ ಬದಲಿಸುವುದು ಹೇಗೆ?

ಪಂಕ್ಚರ್ ಆದ ಚಕ್ರ ಬಿಚ್ಚಲು ವೀಲ್ ಸ್ಪ್ಯಾನರ್ ಹಾಕಿ ಜೋರಾಗಿ ತಿರುಗಿಸುತ್ತೀರಿ. ‘ಟಕ್’ ಎಂದು ಶಬ್ದ. ನೋಡಿದರೆ ನಟ್ ಜೊತೆ ಸ್ಟಡ್‌ನ, ಅಂದರೆ ನಟ್ ಹತ್ತುವ ಥ್ರೆಡ್ ಇರುವ ಕಡ್ಡಿಯ, ತುಂಡೂ ಕೈಗೆ ಬಂದಿರುತ್ತದೆ. ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಮಳೆಗೆ ತಿಂಗಳುಗಟ್ಟಲೆ ನೆನೆದ ನಟ್‌ಗಳು ತುಕ್ಕು ಹಿಡಿದು ಕಚ್ಚಿಕೊಳ್ಳುವುದು ಮಾಮೂಲು. ಆದರೆ ಮಳೆಯೊಂದನ್ನೇ ದೂರಿದರೆ ಸಾಲದು. ನಟ್ ಅನ್ನು ಕೈಯಲ್ಲಿ ಎರಡು ಮೂರು ಸುತ್ತು ಹತ್ತಿಸದೆ ನೇರವಾಗಿ ಏರ್ ಗನ್ ಹಿಡಿದರೆ ಥ್ರೆಡ್ ಅಡ್ಡ ಹತ್ತುತ್ತದೆ. ಅತಿಯಾಗಿ ಬಿಗಿದರೆ ಸ್ಟಡ್ ಎಳೆದಂತಾಗಿ ಸೊರಗುತ್ತದೆ. ಮುಂದೊಂದು ದಿನ ಮುರಿಯುತ್ತದೆ.

‘ಇನ್ನೂ ಮೂರು ಇದೆಯಲ್ಲ’ ಎಂದು ಓಡಿಸಬೇಡಿ. ಒಂದರ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ. ಚಾರ್ಮಾಡಿಯಂಥ ಘಾಟಿ ತಿರುವುಗಳಲ್ಲಿ ಅಂಥ ಚಕ್ರ ನಂಬುವಂಥದ್ದಲ್ಲ. ಹಾಗೇ ಸುಮಾರು ದೂರ ಓಡಿಸಿಬಿಟ್ಟಿದ್ದರೆ ಅಕ್ಕಪಕ್ಕದ ಎರಡನ್ನೂ ಬದಲಿಸುವುದು ಒಳ್ಳೆಯದು.

ಮೊದಲು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ. ಕಾರಿನ ಮಾಡೆಲ್ ಹೇಳಿದರೆ ಸಾಲದು, ಮುರಿದ ತುಂಡು ಮತ್ತು ಸರಿ ಇರುವ ಒಂದು ನಟ್ ಜೊತೆಗಿರಲಿ. 12 ಮಿ.ಮೀ. ಸ್ಟಡ್‌ಗಳಲ್ಲೇ 1.25 ಮತ್ತು 1.5 (ಥ್ರೆಡ್‌ನ ಸುತ್ತುಗಳ ನಡುವಿನ ಅಂತರ, ಮಿ.ಮೀ.ನಲ್ಲಿ) ಎಂಬ ಎರಡು ಥ್ರೆಡ್‌ಗಳಿವೆ. ಕಣ್ಣಿಗೆ ಎರಡೂ ಒಂದೇ, ಹತ್ತಿಸಿ ನೋಡಿದರಷ್ಟೇ ಗೊತ್ತಾಗುತ್ತದೆ. ಹೊಸ ಸ್ಟಡ್ ಜೊತೆ ಹೊಸ ನಟ್ ಎರಡು, ದಪ್ಪ ವಾಷರ್ ನಾಲ್ಕೈದು ತನ್ನಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಸ್ಟಡ್ ಬದಲು ಬೋಲ್ಟ್ ಇರುತ್ತದೆ, ಅವುಗಳಿಗೆ ಈ ವಿಧಾನ ಅಲ್ಲ.

ಬಿಚ್ಚುವ ಕೆಲಸ

ಸಮತಟ್ಟಾದ, ಗಟ್ಟಿ ನೆಲ ಬೇಕು. ನಮ್ಮ ಕಡೆಯ ಇಳಿಜಾರು ಅಂಗಳ, ಒದ್ದೆ ಮಣ್ಣು ಎರಡೂ ಬೇಡ. ಇಲ್ಲಿ ಮುಂದಿನ ಚಕ್ರದ ಕೆಲಸ ಹೇಳುತ್ತೇನೆ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಜಾಕ್ ಒಂದನ್ನೇ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಇಡಲೇಬೇಕು.

ಚಕ್ರ ತೆಗೆದ ಮೇಲೆ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕ್ ಅನ್ನು ಒತ್ತಿ ಹಿಡಿಯುವ ಭಾಗ) ಹಿಂದಿನ ಎರಡು ಬೋಲ್ಟ್ ಬಿಚ್ಚಿ. ಕ್ಯಾಲಿಪರ್ ಬ್ರೇಕ್ ಪೈಪ್‌ನಲ್ಲಿ ಜೋತಾಡಬಾರದು. ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ. ಆಮೇಲೆ ಡಿಸ್ಕ್ ಹೊರತೆಗೆಯಿರಿ. ಅದು ತುಕ್ಕಿನಿಂದ ಅಂಟಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ತಟ್ಟಿ.

ಈಗ ಹಬ್ (ಸ್ಟಡ್‌ಗಳು ಕೂತಿರುವ, ಚಕ್ರದ ಜೊತೆ ತಿರುಗುವ ಭಾಗ) ತಿರುಗಿಸಿ ಹಿಂದೆ ಇಣುಕಿ. ಸ್ಟಡ್‌ನ ತಲೆ ಹೊರಬರುವಷ್ಟು ಜಾಗ ಸಾಮಾನ್ಯವಾಗಿ ಒಂದು ಕಡೆ ಇರುತ್ತದೆ, ಮುರಿದ ಸ್ಟಡ್ ಅನ್ನು ಅಲ್ಲಿಗೆ ತನ್ನಿ. ಎಲ್ಲೂ ಜಾಗ ಇಲ್ಲದಿದ್ದರೆ ಹಬ್ಬೇ ಹೊರಬರಬೇಕು. ಅದು ಪ್ರೆಸ್ ಇರುವ ಗ್ಯಾರೇಜಿನ ಕೆಲಸ, ಅಲ್ಲಿಗೆ ನಿಲ್ಲಿಸಿ. ಹಿಂದಿನ ಚಕ್ರದಲ್ಲೂ ಕೆಲವು ಸಣ್ಣ ಕಾರುಗಳಿಗೆ ಡ್ರಮ್, ಹಬ್ ಒಂದೇ ಆಗಿರುತ್ತದೆ. ಅದನ್ನೂ ಗ್ಯಾರೇಜಿಗೇ ಬಿಡಿ.

ಹಳೇ ಸ್ಟಡ್ ಹೊರದೂಡಲು ಸಿ ಕ್ಲಾಂಪ್ (ತಿರುಪು ತಿರುಗಿಸಿ ಒತ್ತುವ, ಸಿ ಆಕಾರದ ಉಪಕರಣ) ಇದ್ದರೆ ಬಹಳ ಒಳ್ಳೆಯದು. ಸುತ್ತಿಗೆಯಲ್ಲಿ ಹೊಡೆದೂ ತೆಗೆಯುತ್ತಾರೆ, ಆದರೆ ಪ್ರತಿ ಪೆಟ್ಟೂ ವೀಲ್ ಬೇರಿಂಗ್‌ಗೆ ತಾಗುತ್ತದೆ.

ಹೊಸದನ್ನು ಎಳೆದು ಕೂರಿಸಿ

ಹೊಸ ಸ್ಟಡ್ ಹತ್ತಿರದಿಂದ ನೋಡಿ. ತಲೆಯ ಬುಡದಲ್ಲಿ ಸುತ್ತಲೂ ಉದ್ದುದ್ದ ಗೀರುಗಳಿವೆ, ಅಲ್ವಾ? ಅವು ಹಬ್‌ನ ತೂತಿನ ಒಳಗೋಡೆಗೆ ಕಚ್ಚಿಕೊಳ್ಳುವುದರಿಂದಲೇ ನಟ್ ಬಿಗಿಯುವಾಗ ಸ್ಟಡ್ ಸುಮ್ನೆ ಸುತ್ತುವುದಿಲ್ಲ. ಹಳೆಯ ಸ್ಟಡ್ ತೂತಿನಲ್ಲಿ ಬಿಟ್ಟುಹೋದ ಗುರುತಿಗೆ ಈ ಗೀರುಗಳನ್ನು ಹೊಂದಿಸಿ, ಹಿಂದಿನಿಂದ ತೂರಿಸಿ.

ಮುಂದಿನಿಂದ ವಾಷರ್‌ಗಳನ್ನು ಪೇರಿಸಿ. ವಾಷರ್‌ಗಳ ನಡುವೆ ಸ್ವಲ್ಪ ಗ್ರೀಸ್ ಇರಲಿ, ಥ್ರೆಡ್‌ಗೆ ತಾಗದಿರಲಿ. ಹಳೇ ನಟ್ ಒಂದನ್ನು ಅದರ ಚಪ್ಪಟೆ ಮುಖ ವಾಷರ್ ಕಡೆಗಿರುವಂತೆ ತಿರುಗಿಸಿ ಹಾಕಿ. ಸ್ಪ್ಯಾನರ್‌ನಿಂದ ನಿಧಾನವಾಗಿ ಬಿಗಿಯಿರಿ. ಹಬ್ ತಿರುಗದಂತೆ ಇನ್ನೆರಡು ಸ್ಟಡ್‌ಗಳ ನಡುವೆ ಕಬ್ಬಿಣದ ರಾಡ್ ಕೊಟ್ಟು ಯಾರಾದರೂ ಹಿಡಿಯಲಿ. ಸ್ಟಡ್ ಇಂಚಿಂಚಾಗಿ ಒಳಬರುತ್ತದೆ. ಇದ್ದಕ್ಕಿದ್ದಂತೆ ಗಟ್ಟಿಯಾದಾಗ ನಿಲ್ಲಿಸಿ, ಟಾರ್ಚ್ ಹಿಡಿದು ಹಿಂದೆ ನೋಡಿ. ತಲೆ ಮತ್ತು ಹಬ್ ನಡುವೆ ಕೂದಲೆಳೆಯಷ್ಟೂ ಸಂದು ಇರಬಾರದು. ಹೀಗೆ ಎಳೆಯಲು ಬಳಸಿದ ನಟ್ ಅನ್ನು ಮತ್ತೆ ಚಕ್ರಕ್ಕೆ ಹಾಕಬೇಡಿ, ಹೊಸದನ್ನೇ ಹಾಕಿ.

ಡಿಸ್ಕ್, ಕ್ಯಾಲಿಪರ್ ಜೋಡಿಸಿ. ಕ್ಯಾಲಿಪರ್ ಬೋಲ್ಟ್ ಬಿಗಿಯಾಗಿವೆಯೇ ಎಂದು ಎರಡು ಸಲ ನೋಡಿ, ಅದು ಬ್ರೇಕಿನ ವಿಷಯ. ಚಕ್ರದ ನಟ್‌ಗಳನ್ನು ಕೈಯಲ್ಲೇ ಹತ್ತಿಸಿ, ಎದುರುಬದುರಾಗಿ ಬಿಗಿಯಿರಿ. ನಟ್‌ನ ಇಳಿಜಾರು ಮುಖ ಚಕ್ರದ ಕಡೆಗಿರಲಿ. ಜಾಕ್ ಇಳಿಸಿದ ಮೇಲೆ ಟಾರ್ಕ್ ರೆಂಚ್‌ನಿಂದ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್) ಕೊನೆಯ ಬಿಗಿತ ಕೊಡಿ. ಸಣ್ಣ ಕಾರುಗಳಿಗೆ ಹೆಚ್ಚಾಗಿ 85ರಿಂದ 110 ನ್ಯೂಟನ್ ಮೀಟರ್ ಇರುತ್ತದೆ, ನಿಮ್ಮ ಕಾರಿನ ಲೆಕ್ಕ ಮ್ಯಾನ್ಯುಯಲ್‌ನಲ್ಲಿದೆ. ಗಾಡಿ ಹೊರಡಿಸುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೂ ನಾಲ್ಕೈದು ಸಲ ಒತ್ತಿ.

ಸುಮಾರು 100 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಹೊಸ ಸ್ಟಡ್‌ನ ನಟ್ ಮಾತ್ರ ಸಡಿಲವಾಗಿದ್ದರೆ ಸ್ಟಡ್ ಪೂರ್ತಿ ಕೂತಿಲ್ಲ ಎಂದರ್ಥ. ಬರೀ ನಟ್ ಬಿಗಿದು ಬಿಡಬೇಡಿ. ಚಕ್ರ, ಡಿಸ್ಕ್ ಬಿಚ್ಚಿ ಸ್ಟಡ್ ಅನ್ನು ಮತ್ತೆ ಎಳೆದು ಕೂರಿಸಿ.