ಮೊದಲು ದೂರು, ಆಮೇಲೆ ಸ್ತುತಿ: ನನ್ನ ಅನುಭವ

ಮನೆ ಪ್ರಾರ್ಥನೆ ನಡೆಸುವ ಅಕ್ಕತಂಗಿಯರಿಗೆ, ಸಭೆಯ ಹಿರಿಯರಿಗೆ ಇದನ್ನು ಬರೆಯುತ್ತಿದ್ದೇನೆ. ಸತ್ಯವೇದ (ಬೈಬಲ್) ಓದೋದು, ಪ್ರಾರ್ಥನೆ ಮಾಡೋದು ನಿಮಗೆ ಹೇಳಿಕೊಡಬೇಕಾಗಿಲ್ಲ. ದುಃಖದ ಮನೆಯಲ್ಲಿ ಏನು ಓದಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದಷ್ಟೇ ನನ್ನ ವಿಷಯ. ಶುರುವಿನಲ್ಲಿ "ಇವಳು ದೇವರ ಮುಂದೆ ಗೊಣಗೋದು ಕಲಿಸ್ತಾಳೆ" ಅಂದವರು ಬಹಳ ಜನ. ಈಗ ಕಲಬುರಗಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವರೇ ನನ್ನನ್ನು ಕರೆದುಕೊಂಡು ಹೋಗುತ್ತಾರೆ.

2021ರ ಕೊರೊನಾ ಎರಡನೇ ಅಲೆಯಲ್ಲಿ ಅವ್ವ ತೀರಿಕೊಂಡಳು. ಮಣ್ಣಿಗೆ ಬಂದವರು ನಾಲ್ಕೈದು ಜನ. ಚರ್ಚಿಗೆ ಬೀಗ, ಹಾಡೂ ಇಲ್ಲ. ಮರುವರ್ಷ ತೊಗರಿಗೆ ನೆಟೆ ರೋಗ ಬಿತ್ತು. ಲಾವಣಿಗೆ (ಗುತ್ತಿಗೆಗೆ) ಹಿಡಿದ ಆರೇಳು ಎಕರೆ, ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿತು. ಬೀಜ, ಔಷಧ, ಕೂಲಿ, ಲಾವಣಿ ಎಲ್ಲಾ ಸೇರಿ ಒಂದು ಲಕ್ಷದ ಮೇಲೆ ಹೋಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲ. ವಾರ ವಾರ ಸಂಘದ ಕಂತು. ನಮ್ಮ ಮನೆಯವರು ಮಾತಾಡೋದನ್ನೇ ಬಿಟ್ಟರು.

ಎಲ್ಲರೂ ಹೇಳಿದ್ದು ಒಂದೇ: ಸ್ತುತಿ ಮಾಡು. ಮಾಡಿದೆ. ಬಾಯಿ ಹಾಡುತ್ತಿತ್ತು, ಎದೆ ಕಲ್ಲಾಗಿತ್ತು. ಶುಕ್ರವಾರದ ಉಪವಾಸ ಹಿಡಿದೆ, ತಲೆ ತಿರುಗಿ ಹೊಲಿಗೆ ಕೆಲಸ ನಿಂತಿತು. ಆಮೇಲೆ ಬೇರೆ ಜಿಲ್ಲೆಯ ಒಂದು ಸ್ವಸ್ಥತೆಯ ಕೂಟಕ್ಕೆ ಹೋದೆವು. ಜೀಪಿನ ಬಾಡಿಗೆ, ಊಟ, ಕಾಣಿಕೆ ಕವರು, ಎಣ್ಣೆ ಬಾಟಲಿ ಅಂತ ಎಂಟೊಂಬತ್ತು ಸಾವಿರ ಖರ್ಚಾಯಿತು. ನಿಮ್ಮ ವಿಶ್ವಾಸ ಸಾಲದು, ಅದಕ್ಕೇ ಬೆಳೆ ಹೋಯಿತು ಅಂತ ವೇದಿಕೆ ಮೇಲಿಂದ ಹೇಳಿ ಕಳಿಸಿದರು. ನೆಟೆ ಅನ್ನೋದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ರೋಗ. ಅದು ಯಾರ ವಿಶ್ವಾಸವನ್ನೂ ಅಳೆದು ನೋಡಿ ಬರೋದಿಲ್ಲ. ಬದುವಿನ ಆಚೆ ಈಚೆ ಎಲ್ಲರ ಹೊಲವೂ ಒಣಗಿತ್ತು. ಆ ಒಂದು ಮಾತಿನಿಂದ ನಮ್ಮ ಮನೆಯವರು ಇನ್ನೂ ಕುಗ್ಗಿಹೋದರು.

ತೆಲಂಗಾಣದ ಧಾರೂರು ಜಾತ್ರೆ ಮಾತ್ರ ಬೇರೆ. 1923ರಿಂದ ನಡೆದು ಬಂದಿರುವ ಮೆಥೋಡಿಸ್ಟ್ ಜಾತ್ರೆ, ನವೆಂಬರಿನಲ್ಲಿ ಬೀದರ್, ಕಲಬುರಗಿ ಕಡೆಯಿಂದಲೂ ಜನ ಹೋಗುತ್ತಾರೆ. ಗುಡಾರದಲ್ಲಿ ಮಲಗಿ, ಎಲ್ಲರ ಜೊತೆ ಹಾಡಿ, ಅಲ್ಲಿರುವಷ್ಟು ದಿನ ಮನಸ್ಸು ಹಗುರ ಆಗಿತ್ತು. ಆದರೆ ಮನೆಗೆ ಬಂದರೆ ಮತ್ತೆ ಅದೇ ಕಂತು, ಅದೇ ಮೌನ.

ದಾರಿ ಸಿಕ್ಕಿದ್ದು ಸತ್ಯವೇದದ ಕೀರ್ತನೆಗಳಲ್ಲೇ. 150ರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಳು, ದೂರಿನ ಕೀರ್ತನೆಗಳೇ. ನಾವು ಅವನ್ನು ದಾಟಿ ಧೈರ್ಯ ಹೇಳುವ 23ಕ್ಕೋ 91ಕ್ಕೋ ಓಡುತ್ತೇವೆ, ಅಲ್ವಾ? ನಾನು ಓಡೋದು ನಿಲ್ಲಿಸಿದೆ. 13ನೇ ಕೀರ್ತನೆಯಲ್ಲಿ ದಾವೀದ "ಎಷ್ಟು ದಿನ" ಅಂತ ನಾಲ್ಕು ಸಲ ದೇವರನ್ನೇ ಕೇಳುತ್ತಾನೆ. ಇರೋದು ಆರೇ ವಚನ, ಕೊನೆಯ ಎರಡು ಸ್ತುತಿ. ನಾನು ಮೊದಲ ವಾರಗಳಲ್ಲಿ 4ನೇ ವಚನಕ್ಕೇ ನಿಲ್ಲಿಸುತ್ತೇನೆ. 5ನೇ ವಚನಕ್ಕೆ ದುಃಖದಲ್ಲಿರುವವರು ತಾವಾಗಿ ಬರಬೇಕು, ನಾವು ಎಳೆದು ತರಬಾರದು. ಹಿರಿಯರು ಬೇಸರ ಮಾಡಿಕೊಂಡಿದ್ದು ಇದಕ್ಕೇ. ಸತ್ಯವೇದದ ಪ್ರಲಾಪಗಳ ಪುಸ್ತಕದ ಮೂರನೇ ಅಧ್ಯಾಯ ತೆಗೆದು ತೋರಿಸಿದೆ. 20 ವಚನ ಒಂದೇ ಸಮ ಅತ್ತ ಮೇಲೆ ಅಲ್ಲಿ ನಿರೀಕ್ಷೆ ಬರುತ್ತದೆ. ಯೇಸುವೇ ಶಿಲುಬೆ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನ. ಕೈ ಬಿಟ್ಟೆಯಾ ಅಂತ ಕೇಳುವವನ ಪಕ್ಕದಲ್ಲಿ, ಅದೇ ಮಾತು ಕೇಳಿದ ಯೇಸು ನಿಂತಿದ್ದಾನೆ. ನನ್ನ ವಿಶ್ವಾಸ ಪೂರ್ತಿ ಇದರ ಮೇಲೇ ನಿಂತಿದೆ.

ಓದುವುದಕ್ಕಿಂತ ಮೊದಲು ಊಟ. ಪ್ರವಾದಿ ಎಲೀಯ ಸಾಯಬೇಕು ಅಂತ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಹಾಗಾಗಿ ಜೋಳದ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡೇ ಹೋಗುತ್ತೇನೆ. ಸುಮ್ನೆ ಕೂರುತ್ತೇನೆ. ಎಲ್ಲಾ ಕಳಕೊಂಡ ಯೋಬನ ಸ್ನೇಹಿತರು ಬಾಯಿ ಮುಚ್ಚಿ ನೆಲದ ಮೇಲೆ ಕೂತ ಏಳು ದಿನವೇ ಅವರು ಮಾಡಿದ ಒಳ್ಳೆ ಕೆಲಸ. ಆಮೇಲೆ ಕೀರ್ತನೆ. ಅದನ್ನು ನೊಂದವರೇ ಗಟ್ಟಿಯಾಗಿ ಓದಬೇಕು, ಓದು ಬಾರದಿದ್ದರೆ ನಾವು ಹೇಳಿದ ಸಾಲನ್ನು ತಿರುಗಿ ಹೇಳಬೇಕು. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಅವರ ದೂರು ಬರೆಯೋದು. ಸಾಲದ ಲೆಕ್ಕವೂ ಅಲ್ಲೇ. ಬಲಪುಟ ಖಾಲಿ. 88ನೇ ಕೀರ್ತನೆಯನ್ನು ಗುಂಪಿನಲ್ಲಿ ಮಾತ್ರ ಓದಿ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಸಾಯುವ ಮಾತಾಡುವವರಿದ್ದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಪ್ರಾರ್ಥನೆ ದಾರಿಯಲ್ಲೇ ಮಾಡಿದರಾಯಿತು.

ದೇವರ ಮೇಲೆ ಸಿಟ್ಟಾಗಿ ಬಾಗಿಲೇ ತೆಗೆಯದವರಿಗೆ ನಾನು ಏನು ಹೇಳುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಅದು ಎದುರು ಕೂತು ಹೇಳುವ ಮಾತು.

ನಮ್ಮ ಮನೆಯವರಿಗೆ ಒಂದೂವರೆ ತಿಂಗಳ ಮೇಲೆ ಹಿಡಿಯಿತು. 13ನ್ನು ದಿನಾ ಓದುತ್ತಿದ್ದರು, ಒಂದು ಸಂಜೆ ಮೂರನೇ ವಚನಕ್ಕೆ ಬಿಕ್ಕಿ ಅತ್ತರು. ಮುಂದಿನ ಭಾನುವಾರ ಸಭೆಯಲ್ಲಿ ಎದ್ದು ನಿಂತು ಪ್ರಾರ್ಥನೆ ಮಾಡಿದರು. ಸಾಲ ಇನ್ನೂ ಮೂವತ್ತು ಸಾವಿರದಷ್ಟು ಇದೆ. ಆದರೆ ಈಗ ರಾತ್ರಿ ನಿದ್ದೆ ಬರುತ್ತದೆ.

ನಡುವೆ ಹಾಡಿನಲ್ಲೂ ಕೈ ಹಾಕಿದೆ. ನಮ್ಮ ಕಡೆ ಮೊಹರಂನಲ್ಲಿ ರಿವಾಯತ್ ಅನ್ನೋ ಶೋಕದ ಹಾಡು ಹಾಡುತ್ತಾರಲ್ಲ, ದುಃಖಕ್ಕೆ ಅದಕ್ಕಿಂತ ಒಳ್ಳೆ ಧಾಟಿ ಇಲ್ಲ. 13ನ್ನು ಆ ಧಾಟಿಗೆ ಕೂರಿಸಿದೆ. ಹಾರ್ಮೋನಿಯಂ ಹೊಂದಲಿಲ್ಲ, ಹಲಗೆ ಹೊಂದಿತು. ಮೊಬೈಲಿನ ಆಡಿಯೋ ಬೈಬಲ್ಲನ್ನೂ ಪ್ರಯತ್ನಿಸಿದೆ. ಕೇಳುತ್ತಾ ಮಲಗಿಬಿಡುತ್ತಾರೆ, ಬಾಯಿ ಬಿಡೋದಿಲ್ಲ. ಅದನ್ನು ಕೈಬಿಟ್ಟೆ.

ಈಗ ನಮ್ಮ ಓಣಿಯಲ್ಲೇ ಏಳೆಂಟು ಮನೆಯಲ್ಲಿ ಹೀಗೆ ನಡೆಯುತ್ತಿದೆ. ಒಂದು ಮನೆಗೆ ನೋಟ್‌ಬುಕ್ಕು, ಪೆನ್ನು, ರೊಟ್ಟಿ ಹಿಟ್ಟು ಸೇರಿ ನೂರೈವತ್ತು ರೂಪಾಯಿ ದಾಟೋದಿಲ್ಲ. ಈಸ್ಟರ್‌ಗೆ ಮುಂಚೆ ಬರುವ ಮುಂದಿನ ಶ್ರಮಕಾಲದ 40 ದಿನ ಆಳಂದ ಕಡೆಯ ಹಳ್ಳಿಗಳಿಗೆ ಹೋಗಬೇಕಂತಿದ್ದೇವೆ. ಹಲಗೆ ಬಾರಿಸೋಕೆ ಬರುವವರು ಒಬ್ಬರು ಬೇಕು. ಬಸ್ಸಿನ ಖರ್ಚು, ಊಟ ನಮ್ಮದು.